ಅವಸರವಾಗಿ ಹೊರಟ ತಾಯಿ, ಮೂರು ತಿಂಗಳು ಉಳಿದ ತಾಯಿ

(ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಮಹೋತ್ಸವದ ಬಲಿಪೂಜೆಯಲ್ಲಿ ಬ್ಲಫ್‌ನ ಧರ್ಮಕೇಂದ್ರದ ಗುರುಗಳು ನೀಡಿದ ಪ್ರಬೋಧನೆ)



ಇಂದು ನಮಗೆ ಎರಡು ಹಬ್ಬ. ತಾಯಿ ಮರಿಯಮ್ಮನನ್ನು ದೇವರು ಆತ್ಮ ಶರೀರಗಳೊಡನೆ ತಮ್ಮ ಮಹಿಮೆಗೆ ಬರಮಾಡಿಕೊಂಡ ಹಬ್ಬ ಒಂದು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಹಬ್ಬ ಇನ್ನೊಂದು. ಹೊರಗೆ ಧ್ವಜದ ಕಂಬಕ್ಕೆ ಮಕ್ಕಳು ಬೆಳಿಗ್ಗೆಯೇ ಹೂ ಕಟ್ಟಿ ಕಾಯುತ್ತಿದ್ದಾರೆ. ಸಿಹಿಯ ಡಬ್ಬ ಎಲ್ಲಿದೆ ಎಂಬುದೂ ಅವರಿಗೆ ಗೊತ್ತಿದೆ. ಆದ್ದರಿಂದ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ ಎಂದು ಹೇಳಬೇಕು. ಆದರೆ ಆಗಸ್ಟ್ ಹದಿನೈದು ನನಗೆ ಇನ್ನೊಂದು ಕಾರಣಕ್ಕೂ ಮರೆಯಲಾಗದ ದಿನ. ಅದನ್ನು ಇವತ್ತು ನಿಮ್ಮ ಮುಂದೆ ಹೇಳಿಬಿಡಬೇಕೆಂದು ಬಂದಿದ್ದೇನೆ.

ನಾನು ಈ ಊರಿಗೆ ವರ್ಗವಾಗಿ ಬಂದ ಹೊಸತರಲ್ಲಿ, ಕರೆಂಟ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನನ್ನ ಊರು ಯಾವುದೆಂದು ಕೇಳಿದರು. ಕೊಡಗು ಎಂದೆ. ಅವರು ನಕ್ಕು, "ಹಂಗಾದ್ರೆ ನಿಮ್ಮೂರ್ ಸಮಾಚಾರ ನಮಗೆ ಯಾರೂ ಹೇಳ್ಬೇಕಾಗಿಲ್ಲ ಸ್ವಾಮಿ. ಅಲ್ಲಿ ಮಳೆ ಹುಯ್ದ್ರೆ ಇಲ್ಲಿ ಗಗನಚುಕ್ಕಿ ಸದ್ದು ಬದಲಾಯ್ತದೆ" ಎಂದರು. ನಿಜವಾದ ಮಾತು. ತಲಕಾವೇರಿಯಲ್ಲಿ ಹುಟ್ಟುವ ನದಿ, ಕೊಡಗಿನ ಹಳ್ಳಕೊಳ್ಳಗಳನ್ನೆಲ್ಲ ಕೂಡಿಸಿಕೊಂಡು, ಕನ್ನಂಬಾಡಿ ಕಟ್ಟೆಯನ್ನು ತುಂಬಿ, ಕಪಿಲೆಯನ್ನೂ ಸೇರಿಸಿಕೊಂಡು ಇಲ್ಲಿ ಬಂದು ಬೀಳುತ್ತದೆ. ಆ ಬೀಳುವ ನೀರಿನಿಂದಲೇ ಈ ಊರು ಹುಟ್ಟಿತು. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು, 1905ರಲ್ಲಿ ಬೆಂಗಳೂರಿನ ದೀಪಗಳು ಹತ್ತಿದವು. ನೀರು ಮೇಲಿನಿಂದ ಕೆಳಕ್ಕೆ ಬೀಳುವುದು ನಮಗೆ ಅನ್ನ. ಅದೇ ನೀರು ಮೇಲಿನಿಂದ ಕೆಳಕ್ಕೆ ಬರುವಾಗ ನನ್ನ ಊರಿನಲ್ಲಿ ಏನು ಮಾಡಿತು ಎಂಬುದನ್ನು ಈಗ ಹೇಳುತ್ತೇನೆ.

ನಾನು ಹುಟ್ಟಿದ್ದು ಮಾದಾಪುರದಿಂದ ಹಟ್ಟಿಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಕಾಫಿ ತೋಟದ ಲೈನ್‌ಮನೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸದವರು. ಅಪ್ಪ ದುಡಿದು ಉಳಿಸಿದ ಹಣದಲ್ಲಿ ಬೆಟ್ಟದ ಮಗ್ಗುಲಲ್ಲಿ ಒಂದು ತುಂಡು ಜಾಗ ಮಾಡಿ, ಹೆಂಚಿನ ಮನೆ ಕಟ್ಟಿದರು. ಅಪ್ಪ ತೀರಿಹೋದ ಮೇಲೆ ಅಮ್ಮ, ಅಣ್ಣನ ಸಂಸಾರದ ಜೊತೆ ಅಲ್ಲಿಯೇ ಇದ್ದರು.

2018ರಲ್ಲಿ ನಾನು ಇದೇ ಮಂಡ್ಯ ಜಿಲ್ಲೆಯ ಬೇರೊಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಅದಕ್ಕೆ ಹಿಂದಿನ ವರ್ಷಗಳು ನಿಮಗೆ ನೆನಪಿರಬೇಕು. 2016ರಲ್ಲಿ ಕಟ್ಟೆಯಲ್ಲಿ ನೀರಿಲ್ಲ, ಗದ್ದೆಗಳು ಬಿರುಕು ಬಿಟ್ಟಿವೆ, ರಸ್ತೆಯಲ್ಲಿ ಚಳವಳಿ. ಎರಡು ವರ್ಷ ನಾವು ಪ್ರತಿ ಭಾನುವಾರ ಮಳೆಗಾಗಿ ಪ್ರಾರ್ಥಿಸಿದೆವು. ಆ ಪ್ರಾರ್ಥನೆಯನ್ನು ಬಲಿಪೀಠದ ಮುಂದೆ ನಿಂತು ಹೇಳಿಕೊಟ್ಟವನು ನಾನು. 2018ರ ಜುಲೈಯಲ್ಲಿ ಕನ್ನಂಬಾಡಿ ತುಂಬಿತು. ರೈತರು ಬಂದು ಕೃತಜ್ಞತೆಯ ಬಲಿಪೂಜೆ ಹೇಳಿಸಿದರು. ನಾನೂ ಸಂತೋಷದಿಂದಲೇ ಅರ್ಪಿಸಿದೆ. ಕಟ್ಟೆ ತುಂಬಿದೆ ಎಂದರೆ ಮೇಲೆ ಬೆಟ್ಟದಲ್ಲಿ ಎಷ್ಟು ಸುರಿದಿರಬೇಕು ಎಂದು ಕೊಡಗಿನವನಾದ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಅಮ್ಮ ಫೋನಿನಲ್ಲಿ ಈ ಸಲ ಮಳೆ ಬಿಡ್ತಾನೇ ಇಲ್ಲ ಅಂದರೆ, ಕೊಡಗಲ್ಲಿ ಯಾವಾಗ ಬಿಟ್ಟಿದೆ ಅಮ್ಮ ಎಂದು ನಗಾಡಿದೆ.

ಆ ವರ್ಷ ಆಗಸ್ಟ್ 15 ಬುಧವಾರ. ಬಲಿಪೂಜೆ, ಧ್ವಜಾರೋಹಣ, ಮಕ್ಕಳ ಕವಾಯತು, ಎಲ್ಲ ಚೆನ್ನಾಗಿ ಆಯಿತು. ಮರುದಿನ ಮಾಜಿ ಪ್ರಧಾನಿ ವಾಜಪೇಯಿಯವರು ತೀರಿಕೊಂಡರು. ಟಿ.ವಿ.ಯಲ್ಲಿ ಅದೇ ಸುದ್ದಿ. ಕೇರಳವೂ ಮುಳುಗುತ್ತಿತ್ತು. ನಡುವೆ ಕೊಡಗಿನ ಸುದ್ದಿ ತುಂಡು ತುಂಡಾಗಿ ಬಂತು: ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ. ಗುರುವಾರ ರಾತ್ರಿ ಅಮ್ಮನ ಫೋನು. ಅಳುತ್ತಿರಲಿಲ್ಲ. "ಬೆಟ್ಟ ಒಳಗಿಂದ ಸದ್ದು ಮಾಡ್ತಿದೆ ಮಗಾ. ನಾವು ಎದ್ದು ಹೊರಡ್ತೀವಿ" ಎಂದರು. ಅಷ್ಟೇ. ಆಮೇಲೆ ಶುಕ್ರವಾರ ಸಂಜೆಯವರೆಗೆ ಯಾರ ಫೋನೂ ಸಿಗಲಿಲ್ಲ.

ಆ ಒಂದು ದಿನ ನಾನು ಮಾಡಿದ ಪ್ರಾರ್ಥನೆಯನ್ನು ನಿಮಗೆ ಹೇಳಲಾರೆ. ಅದು ಪ್ರಾರ್ಥನೆಯ ಹಾಗೆ ಇರಲೇ ಇಲ್ಲ.

ಎಲ್ಲರೂ ಬದುಕಿದ್ದರು. ಕತ್ತಲಲ್ಲಿ ತೋಟದೊಳಗಿಂದ ನಡೆದು, ಒಬ್ಬರ ಸೆರಗು ಒಬ್ಬರು ಹಿಡಿದು, ಮಾದಾಪುರಕ್ಕೆ ಬಂದು, ಅಲ್ಲಿಂದ ಸುಂಟಿಕೊಪ್ಪದ ಪರಿಹಾರ ಕೇಂದ್ರ ಸೇರಿದ್ದರು. ಮನೆಯಲ್ಲಿ ಅಡುಗೆಕೋಣೆಯ ಭಾಗ ಉಳಿದಿತ್ತು. ಉಳಿದದ್ದು ಹೊಳೆಯಲ್ಲಿ. ಆ ಹೊಳೆ ಹಾರಂಗಿಗೆ ಹೋಗುತ್ತದೆ, ಹಾರಂಗಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ನನ್ನಪ್ಪ ಕಟ್ಟಿದ ಗೋಡೆಯ ಮಣ್ಣು ಆ ವರ್ಷ ಕೆಂಪಗೆ ಹರಿದ ನೀರಿನಲ್ಲಿ ಕನ್ನಂಬಾಡಿಯವರೆಗೆ ಬಂದಿರಬಹುದು.

ಪ್ರಿಯರೇ, ಇಂದಿನ ಶುಭಸಂದೇಶಕ್ಕೆ ಬರೋಣ. ಸಂತ ಲೂಕರು ಹೇಳುವ ಪ್ರಕಾರ, ದೇವದೂತನ ಮಾತು ಕೇಳಿದ ಮೇಲೆ ಮರಿಯಮ್ಮ ತಡಮಾಡದೆ ಬೆಟ್ಟನಾಡಿಗೆ ಹೊರಟರು. ನಜರೇತಿನಿಂದ ಯೂದಾಯದ ಬೆಟ್ಟಗಳಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಬಸ್ಸಿಲ್ಲ. ಗರ್ಭಿಣಿ. ಆ ಅವಸರದ ಬಗ್ಗೆ ನಾವು ಗುರುಗಳೆಲ್ಲ ಬಹಳ ಪ್ರಬೋಧನೆ ಮಾಡಿದ್ದೇವೆ. ನಾನಂತೂ ಆ 2018ರ ಹಬ್ಬದ ದಿನ ಅದನ್ನೇ ಹೇಳಿದ್ದೆ: ತಾಯಿಯ ಹಾಗೆ ನಾವೂ ಅವಸರದಿಂದ ಓಡಬೇಕು ಎಂದು. ಎರಡೇ ದಿನದಲ್ಲಿ ಅದನ್ನು ನಡೆದು ತೋರಿಸುವ ಸಂದರ್ಭ ಬಂತು. ಓಡಿದೆ.

ಶನಿವಾರ ಬೆಳಿಗ್ಗೆ ಒಂದು ಗೂಡ್ಸ್ ಗಾಡಿ ಮಾಡಿಕೊಂಡೆ. ನಮ್ಮ ಭಕ್ತಾದಿಗಳು ಒಂದು ರಾತ್ರಿಯಲ್ಲಿ ಅದನ್ನು ತುಂಬಿಸಿಬಿಟ್ಟರು. ಬಟ್ಟೆಯ ಮೂಟೆಗಳು, ಬನ್ನು, ರಸ್ಕು, ನೀರಿನ ಬಾಟಲಿಗಳು. ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರಕ್ಕೆ ಹೋದರೆ ಅಲ್ಲಿನ ಬಡಾವಣೆಗಳೇ ಕಾವೇರಿಯ ನೀರಿನಲ್ಲಿ ನಿಂತಿದ್ದವು. ಹೇಗೋ ಸುಂಟಿಕೊಪ್ಪ ಮುಟ್ಟಿದೆವು. ಅಲ್ಲಿದ್ದ ಹುಡುಗರು ಗಾಡಿಯನ್ನು ನೋಡಿ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. "ಬಟ್ಟೆನಾ ಫಾದರ್? ಆ ರೂಮಲ್ಲಿ ಜಾಗ ಇದ್ರೆ ಹಾಕಿ" ಎಂದರು. ಆ ಕೋಣೆಯ ಬಾಗಿಲು ತೆಗೆದರೆ ಕಿಟಕಿಯ ಎತ್ತರಕ್ಕೆ ಬಟ್ಟೆ. ನಮ್ಮದೇ ಒಂದು ಮೂಟೆ ಬಿಚ್ಚಿಕೊಂಡಿತು. ಗುಂಡಿಯಿಲ್ಲದ ಅಂಗಿಗಳು, ಮದುವೆಗೆ ಹೊಲಿಸಿದ ಜರಿಯ ರವಿಕೆ, ಒಂಟಿ ಬೂಟು. ಕೊಟ್ಟವರು ಕೆಟ್ಟವರಲ್ಲ. ಅವಸರದಲ್ಲಿ ಬೀರುವಿನಲ್ಲಿ ಕೈಗೆ ಸಿಕ್ಕಿದ್ದನ್ನು ಕೊಟ್ಟಿದ್ದರು. ನೀರಿನಿಂದ ಮನೆ ಕಳೆದುಕೊಂಡವರಿಗೆ ನಾನು ಮಂಡ್ಯದಿಂದ ನೀರು ಹೊತ್ತು ತಂದಿದ್ದೆ.

ಅಮ್ಮ ಒಂದು ಚಾಪೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಮೊದಲು ಕೇಳಿದ್ದು, "ನನ್ನ ಬಿ.ಪಿ. ಮಾತ್ರೆ ತಂದ್ಯಾ?"

ಒಂದು ಗಾಡಿ ಸಾಮಾನಿನಲ್ಲಿ ಅದೊಂದು ಇರಲಿಲ್ಲ. ಅಮ್ಮನಿಗೆ ಯಾವ ಮಾತ್ರೆ ಎಂದೇ ನನಗೆ ಗೊತ್ತಿರಲಿಲ್ಲ.

ಅಮ್ಮನ ಪಕ್ಕದಲ್ಲಿ ನಮ್ಮ ನೆರೆಮನೆಯ ದೊಡ್ಡಮ್ಮ ಇದ್ದರು. ನಮ್ಮ ಧರ್ಮದವರಲ್ಲ. ಆದರೆ ನನ್ನನ್ನು ಎತ್ತಿ ಆಡಿಸಿದವರು, ನನ್ನ ಗುರುದೀಕ್ಷೆಯ ದಿನ ಮೈಸೂರಿಗೆ ಬಂದು ಮೊದಲ ಸಾಲಿನಲ್ಲಿ ಕೂತು ಅತ್ತವರು. ಅವರದು ಮನೆ ಮಾತ್ರವಲ್ಲ, ಮನೆ ಇದ್ದ ಜಾಗವೇ ಹೋಗಿತ್ತು. ಇದು ಹೊಳೆಬದಿಯ ನಿಮಗೆ ಕೂಡಲೇ ಅರ್ಥವಾಗಲಿಕ್ಕಿಲ್ಲ. ಇಲ್ಲಿ ನೆರೆ ಬಂದರೆ, ಇಳಿದ ಮೇಲೆ ಗೋಡೆ ತೊಳೆದು ಅದೇ ಜಾಗಕ್ಕೆ ಹಿಂದಿರುಗುತ್ತೀರಿ. ಅಲ್ಲಿ ಹಿಂದಿರುಗಲು ಜಾಗವಿಲ್ಲ. ಅರ್ಧ ಎಕರೆ ಕಾಫಿ, ನಾಲ್ಕು ಕಿತ್ತಳೆ ಗಿಡ, ಬಾವಿ, ದಾರಿ, ಎಲ್ಲವೂ ಒಟ್ಟಿಗೆ ಜಾರಿ ಹೋಗಿ, ಇದು ಯಾರ ಜಾಗ ಅದು ಯಾರದು ಎಂದು ಹೇಳಲು ಒಂದು ಬೇಲಿಗೂಟವೂ ಉಳಿದಿರಲಿಲ್ಲ. ದೊಡ್ಡಮ್ಮ ಹೇಳಿದರು: "ಪಹಣಿ ಹೋಯ್ತು, ರೇಷನ್ ಕಾರ್ಡ್ ಹೋಯ್ತು, ಮೊಮ್ಮಗಳ ಮಾರ್ಕ್ಸ್ ಕಾರ್ಡೂ ಹೋಯ್ತು ಫಾದರೇ. ಅರ್ಜಿ ಕೊಡಿ ಅಂತಾರೆ. ಏನು ಬರೀಬೇಕು, ಯಾರಿಗೆ ಕೊಡಬೇಕು ಗೊತ್ತಾಗಲ್ಲ."

ನಾನು ಅವರ ಕೈ ಹಿಡಿದು, "ಮುಂದಿನ ವಾರ ಬರ್ತೀನಿ ದೊಡ್ಡಮ್ಮ. ನಾನೇ ಕೂತು ಎಲ್ಲ ಮಾಡಿಸಿಕೊಡ್ತೀನಿ" ಎಂದೆ. ಅವರ ಮುಖ ಅರಳಿತು. ಸಂಜೆಗೆ ಹಿಂದಿರುಗಿದೆ.

ಮುಂದಿನ ವಾರ ಹೋಗಲಿಲ್ಲ. ಮರಿಯಮ್ಮನವರ ಜನನೋತ್ಸವದ ನವದಿನ ಪ್ರಾರ್ಥನೆ ಶುರುವಾಯಿತು. ಆಮೇಲೆ ಶಾಲೆಯ ಕೆಲಸ, ಆಮೇಲೆ ಅಕ್ಟೋಬರಿನ ಜಪಸರ, ಆಮೇಲೆ ಕ್ರಿಸ್ಮಸ್. ಕುಶಾಲನಗರದಲ್ಲಿ ಅಣ್ಣ ಬಾಡಿಗೆ ಮನೆ ಹಿಡಿದಾಗ ಅಮ್ಮನನ್ನು ನೋಡಲು ಹೋದೆ, ನಿಜ. ಈ ಸಲ ಮಾತ್ರೆಯನ್ನೂ ಒಯ್ದೆ. ಅಲ್ಲಿಂದ ದೊಡ್ಡಮ್ಮನ ಮೊಮ್ಮಗಳು ಓದುತ್ತಿದ್ದ ಕಡೆಗೆ ಅರ್ಧ ಗಂಟೆಯ ದಾರಿ. ಹೊತ್ತಾಯಿತು ಎಂದು ಬಸ್ಸು ಹತ್ತಿದೆ.

ದೊಡ್ಡಮ್ಮನನ್ನು ಮತ್ತೆ ನೋಡಿದ್ದು ಹದಿನಾಲ್ಕು ತಿಂಗಳ ಮೇಲೆ. ಕಾಫಿ ಮಾಡಿಕೊಟ್ಟರು. ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಮಾತಿನ ನಡುವೆ ಸಹಜವಾಗಿ ಹೇಳಿದರು: "ಅವತ್ತು ಕೇಂದ್ರಕ್ಕೆ ಬರೆಯೋರು ಬಂದಿದ್ರು. ಬನ್ನಿ ಅಜ್ಜಿ, ನಿಮ್ಮದೂ ಬರ್ಕೊಡ್ತೀವಿ ಅಂದ್ರು. ನಮ್ಮ ಫಾದರ್ ಬರ್ತಾರೆ, ಅವರೇ ಬರೀತಾರೆ ಅಂತ ನಾನೇ ಬೇಡ ಅಂದೆ. ಆ ವಾರ ಪೂರ್ತಿ ಬಾಗಿಲ ಹತ್ರಾನೇ ಕೂತಿದ್ದೆ."

ಹಾಗೆ ಕೂತು ಕಾದಿದ್ದರಿಂದ ಮೊದಲ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ.

ಪ್ರಿಯ ಸಹೋದರರೇ, ನಾನು ಗುರುವಾಗಿ ಎಷ್ಟೋ ಜನರ ಪಾಪನಿವೇದನೆ ಕೇಳಿದ್ದೇನೆ. ಆ ದಿನ ಕಾಫಿಯ ಲೋಟ ಹಿಡಿದು ಕೂತಾಗ, ನಾನು ಏನೂ ಮಾಡದೆ ಇದ್ದಿದ್ದರೇ ಆ ತಾಯಿಗೆ ಒಳ್ಳೆಯದಾಗುತ್ತಿತ್ತಲ್ಲ ಎಂದು ಹೊಳೆಯಿತು. ಬಂದು, ಕೈ ಹಿಡಿದು, ಮಾತು ಕೊಟ್ಟು ಹೋದದ್ದೇ ಕೆಡುಕಾಯಿತು. ಸಹಾಯ ಮಾಡದವನಿಂದ ಅವರಿಗೆ ನಷ್ಟವಿರಲಿಲ್ಲ. ಅರ್ಧ ಸಹಾಯ ಮಾಡಿದವನಿಂದ ನಷ್ಟವಾಯಿತು.

ಅಂದು ರಾತ್ರಿ ಶುಭಸಂದೇಶದ ಆ ಭಾಗವನ್ನು ಮತ್ತೆ ತೆಗೆದೆ. ಮರಿಯಮ್ಮನ ಸ್ತುತಿಗೀತೆ ಮುಗಿದ ಮೇಲೆ ಒಂದು ಸಣ್ಣ ವಾಕ್ಯವಿದೆ. ನಾವು ಓದುವಾಗ ಪುಸ್ತಕ ಮುಚ್ಚುವ ಅವಸರದಲ್ಲಿ ಅದನ್ನು ಸರಿಯಾಗಿ ಕೇಳಿಸಿಕೊಳ್ಳುವುದೇ ಇಲ್ಲ. ಮರಿಯಮ್ಮ ಎಲಿಜಬೇತಮ್ಮನ ಜೊತೆ ಸುಮಾರು ಮೂರು ತಿಂಗಳಿದ್ದು, ಆಮೇಲೆ ಮನೆಗೆ ಹೋದರು ಎಂದು ಲೂಕರು ಬರೆಯುತ್ತಾರೆ. ಆ ಮೂರು ತಿಂಗಳಲ್ಲಿ ಏನು ಮಾಡಿದರು ಎಂದು ಒಂದಕ್ಷರವೂ ಇಲ್ಲ. ಬರೆಯುವಂಥದ್ದು ಏನೂ ಇರಲಿಲ್ಲವೇನೋ. ನೀರು ತಂದಿರಬೇಕು, ಹಿಟ್ಟು ನಾದಿರಬೇಕು, ಮಾತು ಕಳೆದುಕೊಂಡಿದ್ದ ಜೆಕರೀಯನ ಸನ್ನೆಗಳನ್ನು ಅರ್ಥಮಾಡಿಕೊಂಡಿರಬೇಕು, ವಯಸ್ಸಾದ ಬಸುರಿಯ ಕಾಲು ಒತ್ತಿರಬೇಕು. ಓಡಿಬಂದದ್ದಕ್ಕೆ ಒಂದು ವಾಕ್ಯ, ಹಾಡಿಗೆ ಹತ್ತು ವಾಕ್ಯ, ಉಳಿದದ್ದಕ್ಕೆ ಅರ್ಧ ವಾಕ್ಯ. ಹಳ್ಳಿಯ ಯಾವ ಹೆಂಗಸನ್ನು ಕೇಳಿದರೂ ಆ ಅರ್ಧ ವಾಕ್ಯದಲ್ಲಿ ಎಷ್ಟು ಕೆಲಸವಿದೆ ಎಂದು ಹೇಳುತ್ತಾಳೆ.

ದೊಡ್ಡಮ್ಮನ ಅರ್ಜಿ ಕೊನೆಗೂ ಆಯಿತು. ಮಾಡಿಸಿದವರು ಒಬ್ಬ ಕನ್ಯಾಸ್ತ್ರೀ. ಹೆಸರು ಹೇಳಿದರೆ ಅವರು ನನ್ನ ಮೇಲೆ ಮುನಿಯುತ್ತಾರೆ. ಮೊದಲ ವಾರ ಅವರು ಎಲ್ಲೂ ಕಾಣಲಿಲ್ಲವಂತೆ, ಆಗ ಎಲ್ಲರೂ ಇದ್ದರು. ಫೋಟೊ ತೆಗೆಯುವವರು ಹೋದ ಮೇಲೆ ಬಂದರು. ಪ್ರತಿ ಶನಿವಾರ ಸರ್ಕಾರಿ ಬಸ್ಸಿನಲ್ಲಿ ಬಂದು, ಒಂದು ನೋಟ್‌ಬುಕ್ ಹಿಡಿದು ಕೂರುತ್ತಿದ್ದರು. ಯಾರಿಗೆ ಯಾವ ಕಾಗದ ಇಲ್ಲ, ಯಾವ ಕಚೇರಿಗೆ ಹೋಗಬೇಕು, ಮುಂದಿನ ತಾರೀಖು ಯಾವುದು ಎಂದು ಬರೆದುಕೊಂಡು, ಆ ತಾರೀಖಿಗೆ ಜೊತೆಯಲ್ಲೇ ಹೋಗುತ್ತಿದ್ದರು. ಕೇಂದ್ರಗಳು ಮುಚ್ಚಿದವು, ಜನ ಬಾಡಿಗೆ ಮನೆಗಳಿಗೆ ಚದುರಿದರು. ನೋಟ್‌ಬುಕ್ ಮುಚ್ಚಲಿಲ್ಲ. 2020ರಲ್ಲಿ ಜಂಬೂರಿನಲ್ಲಿ, ಮದೆನಾಡಿನಲ್ಲಿ ಸಂತ್ರಸ್ತರಿಗೆ ಹೊಸ ಮನೆಗಳ ಕೀಲಿ ಕೊಟ್ಟಾಗ ಅವರ ಮೂರನೆಯ ನೋಟ್‌ಬುಕ್ ನಡೆಯುತ್ತಿತ್ತು.

ಆ ಹೊತ್ತಿನಲ್ಲಿ ನನ್ನ ಅಮ್ಮ ಕೇಳಿದ ಒಂದು ಪ್ರಶ್ನೆಯನ್ನೂ ಹೇಳಬೇಕು. ಇಂದಿನ ಮೊದಲ ವಾಚನ ಪ್ರಕಟನಾ ಗ್ರಂಥದ ಹನ್ನೆರಡನೆಯ ಅಧ್ಯಾಯ: ಸೂರ್ಯನನ್ನೇ ಉಟ್ಟ ಸ್ತ್ರೀ, ಆಕೆಯನ್ನು ಕಾಡುವ ಘಟಸರ್ಪ. ಪೂಜೆಯಲ್ಲಿ ನಾವು ಆ ಅಧ್ಯಾಯವನ್ನು ಪೂರ್ತಿ ಓದುವುದಿಲ್ಲ. ಅಮ್ಮ ಮನೆಯಲ್ಲಿ ಪೂರ್ತಿ ಓದಿದ್ದರು. ಮುಂದೆ ಆ ಸರ್ಪ ಸ್ತ್ರೀಯನ್ನು ಕೊಚ್ಚಿಕೊಂಡು ಹೋಗಲೆಂದು ಬಾಯಿಂದ ನದಿಯಂತೆ ನೀರನ್ನು ಬಿಡುತ್ತದೆ, ಆಗ ಭೂಮಿಯೇ ಬಾಯ್ದೆರೆದು ಆ ನೀರನ್ನು ಕುಡಿದು ಆಕೆಯನ್ನು ಉಳಿಸುತ್ತದೆ. ಅಮ್ಮ ಕೇಳಿದರು: "ಅಲ್ಲಿ ಭೂಮಿ ಅವಳ ಕಡೆಗಿತ್ತು. ನಮ್ಮ ಭೂಮಿ ಯಾಕೆ ನೀರಿನ ಜೊತೆ ಸೇರಿಕೊಳ್ತು?"

ಸೆಮಿನರಿಯಲ್ಲಿ ಅಷ್ಟು ವರ್ಷ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನು ನಾನು. ಬಾಯಿ ಕಟ್ಟಿತು. ಆಮೇಲೆ ನಾನು ತಿಳಿದವರ ವರದಿಗಳನ್ನು ಓದಿದೆ, ಅವರನ್ನು ಕೇಳಿದೆ. ನಮ್ಮ ಭೂಮಿಯೂ ಕುಡಿಯಿತು. ಜೂನ್‌ನಿಂದಲೇ ಬಿಡದೆ ಸುರಿದ ಮಳೆಯನ್ನು ಕುಡಿದು ಕುಡಿದು ಬೆಟ್ಟದ ಮಣ್ಣು ತುಂಬಿಹೋಗಿತ್ತು. ಆಗಸ್ಟ್ ನಡುವಿನ ಆ ಕೆಲವು ದಿನದ ಮಳೆಯನ್ನು ಇಟ್ಟುಕೊಳ್ಳಲು ಅದಕ್ಕೆ ಜಾಗವಿರಲಿಲ್ಲ. ಜೊತೆಗೆ, ಬೆಟ್ಟದ ಬುಡವನ್ನು ನಾವು ಮೊದಲೇ ಕಡಿದಿದ್ದೆವು. ರಸ್ತೆಗೆ, ನಿವೇಶನಕ್ಕೆ, ಹೋಂಸ್ಟೇಗೆ ಇಳಿಜಾರನ್ನು ಗೋಡೆಯ ಹಾಗೆ ನೆಟ್ಟಗೆ ಕತ್ತರಿಸಿದ್ದೆವು, ನೀರು ಹರಿದುಹೋಗುವ ಹಳೆಯ ತೋಡುಗಳನ್ನು ಮುಚ್ಚಿದ್ದೆವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಬಂದು ನೋಡಿ ಎತ್ತಿ ತೋರಿಸಿದ್ದೂ ಇದನ್ನೇ. ಅಮ್ಮನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಡಿದೋರು ಮೇಲಿದ್ರು. ನಾವು ಕೆಳಗಿದ್ದೆವು" ಎಂದರು.

ಅದೇ ದಿನಗಳಲ್ಲಿ ಇದು ದೇವರ ಶಿಕ್ಷೆ ಎಂದು ಮೊಬೈಲುಗಳಲ್ಲಿ ಓಡಾಡುತ್ತಿದ್ದ ಮಾತುಗಳನ್ನು ನೀವೂ ಓದಿರುತ್ತೀರಿ. ಯಾರೋ ಯಾವುದೋ ಪಾಪ ಮಾಡಿದರು, ಅದಕ್ಕೇ ಹೀಗಾಯಿತು ಎಂದು. ನಮ್ಮವರೂ ಇದಕ್ಕೆ ಹೊರತಲ್ಲ, ಬೈಬಲಿನ ವಾಕ್ಯ ಸೇರಿಸಿ ಕಳಿಸಿದವರಿದ್ದರು. ಪ್ರಭು ಯೇಸುವಿನ ಮುಂದೆಯೂ ಈ ಮಾತು ಬಂದಿತ್ತು. ಸಿಲೋವಾಮಿನಲ್ಲಿ ಗೋಪುರ ಬಿದ್ದು ಹದಿನೆಂಟು ಜನ ಸತ್ತಾಗ, ಸತ್ತವರು ಉಳಿದ ಜೆರುಸಲೇಮಿನವರಿಗಿಂತ ಹೆಚ್ಚು ಪಾಪಿಗಳೇ ಎಂದು ಅವರೇ ಕೇಳಿ, ಇಲ್ಲ ಎಂದು ಖಂಡಿತವಾಗಿ ಹೇಳಿದರು. ಪ್ರಭು ಇಲ್ಲ ಎಂದ ಮೇಲೆ ನಾವು ಹೌದು ಎನ್ನುವುದು ಬೇಡ. 2020ರಲ್ಲಿ ತಲಕಾವೇರಿಯಲ್ಲಿ ಗಜಗಿರಿ ಬೆಟ್ಟ ಕುಸಿದಾಗ ಮಣ್ಣಿನಡಿ ಹೋದದ್ದು, ಜೀವಮಾನವೆಲ್ಲ ನದಿಯ ಉಗಮದಲ್ಲಿ ದೇವರ ಪೂಜೆ ಮಾಡಿದ ಪ್ರಧಾನ ಅರ್ಚಕರ ಮನೆ. ಬೆಟ್ಟ ಯಾರ ಜಾತಕವನ್ನೂ ನೋಡುವುದಿಲ್ಲ. ಆದರೆ ಬೆಟ್ಟದ ಬುಡ ಕಡಿದದ್ದು ನಾವೇ ಎಂಬುದನ್ನೂ ಮರೆಯಬಾರದು. ಅದು ದೇವರ ತಲೆಗೆ ಕಟ್ಟುವ ಲೆಕ್ಕವಲ್ಲ.

ಇಂದಿನ ಹಬ್ಬದ ಸತ್ಯವನ್ನು 1950ರ ನವೆಂಬರ್ 1ರಂದು ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು ವಿಶ್ವಾಸದ ಸತ್ಯವೆಂದು ಘೋಷಿಸಿದರು. ಎರಡನೆಯ ಮಹಾಯುದ್ಧ ಮುಗಿದು ಐದು ವರ್ಷವಾಗಿತ್ತು. ಕೋಟಿಗಟ್ಟಲೆ ಮನುಷ್ಯ ದೇಹಗಳನ್ನು ಕಸದ ಹಾಗೆ ಕಂಡ ಕಾಲದ ಮೇಲೆ, ದೇವರು ಒಂದು ದೇಹವನ್ನು, ಹಳ್ಳಿಯ ಒಬ್ಬ ತಾಯಿಯ ದೇಹವನ್ನು, ಮಣ್ಣಿಗೆ ಬಿಡಲಿಲ್ಲ ಎಂದು ಧರ್ಮಸಭೆ ಸಾರಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲೆ ಕೊಚ್ಚಿಹೋದವಲ್ಲ, ಆಗ ಸತ್ತ ನೂರಾರು ಜನರಲ್ಲಿ ನಮ್ಮ ಮಂಡ್ಯ, ಚಾಮರಾಜನಗರ ಕಡೆಯಿಂದ ದುಡಿಯಲು ಹೋದ ಕುಟುಂಬದವರೂ ಇದ್ದರು. ಗುರುತು ಸಿಗದ ದೇಹಗಳನ್ನು ಪುತ್ತುಮಲೆಯಲ್ಲಿ ಸಾಲಾಗಿ ಹೂಳಿ, ಹೆಸರಿಲ್ಲದ ಕಾರಣ ಕಲ್ಲುಗಳ ಮೇಲೆ ಅಂಕಿಗಳನ್ನು ಬರೆದರು. ಎಲ್ಲ ಧರ್ಮದವರೂ ಒ‌ಟ್ಟಿಗೆ ನಿಂತು ಪ್ರಾರ್ಥಿಸಿದರು, ಯಾಕೆಂದರೆ ಒಳಗಿರುವವರು ಯಾವ ಧರ್ಮದವರೆಂದು ಯಾರಿಗೂ ಗೊತ್ತಿರಲಿಲ್ಲ. ಆ ಅಂಕಿಗಳ ಚಿತ್ರವನ್ನು ನೋಡಿದಾಗಲೆಲ್ಲ ನನಗೆ ಈ ಹಬ್ಬ ನೆನಪಾಗುತ್ತದೆ. ಆ ಒಂದೊಂದು ದೇಹದ ಹೆಸರೂ ದೇವರಿಗೆ ಗೊತ್ತು ಎಂದು ನಂಬಿಯೇ ನಾನು ಇಂದು ಈ ಪೂಜೆ ಅರ್ಪಿಸುತ್ತಿದ್ದೇನೆ. ಹಾಗೆ ನಂಬುವವನು, ಬದುಕಿ ಉಳಿದ ಅಜ್ಜಿಯ ಹೆಸರು ಪಟ್ಟಿಯಲ್ಲಿ ಸರಿಯಾಗಿದೆಯೇ ಎಂದು ನೋಡಲು ಮತ್ತೊಂದು ಸಲ ಬಸ್ಸು ಹತ್ತಬೇಡವೇ?

ಇನ್ನು ನಮ್ಮ ಊರಿನ ಮಾತು. ನಾವು ಎತ್ತರದಲ್ಲಿದ್ದೇವೆ, ಬ್ಲಫ್ ಎಂಬ ಇಂಗ್ಲಿಷ್ ಹೆಸರೇ ಕಡಿದಾದ ಎತ್ತರ ಎಂಬ ಅರ್ಥದ್ದು. ನೀರು ಬಂದರೆ ನಮಗೆ ನೋಡಲು ಚೆಂದ. ಭಾನುವಾರ ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ, ಜೋಳ ಸುಡುವವರಿಗೆ ವ್ಯಾಪಾರ. ಅದೇ ನೀರು 2018ರಲ್ಲೂ 2019ರಲ್ಲೂ ಕೊಳ್ಳೇಗಾಲದ ಕಡೆಯ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಯಡಕುರಿಯದಂಥ ಊರುಗಳಿಗೆ ನುಗ್ಗಿತು. ಸುಮಾರು ಇನ್ನೂರು ವರ್ಷ ನಿಂತಿದ್ದ ವೆಸ್ಲಿ ಸೇತುವೆಯ ಕಲ್ಲುಕಂಬಗಳನ್ನೂ ಎಳೆದುಕೊಂಡು ಹೋಯಿತು. ಸೇತುವೆಯ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು. ದಾಸನಪುರದವರು ಅಕ್ಕಿ ಒಣಗಿಸಿಕೊಂಡ ಚಿತ್ರ ಬಂದದ್ದನ್ನು ನಾನು ಕಾಣೆ. ಕೊಡಗು ನನ್ನ ಊರು, ದೂರ. ಆ ಹಳ್ಳಿಗಳು ನಿಮ್ಮ ಊರಿಗೆ ಕೂಗಳತೆ.

ಆದ್ದರಿಂದ ಈ ಸಲ ಹಬ್ಬದ ದಿನ ಬಟ್ಟೆ ಸಂಗ್ರಹ ಇಲ್ಲ. ಯಾರೂ ಮೂಟೆ ತರಬೇಡಿ, ತಂದಿದ್ದರೆ ಹಿಂದಕ್ಕೆ ಒಯ್ಯಿರಿ. ಪಾಲನಾ ಸಮಿತಿಯವರ ಜೊತೆ ಮಾತಾಡಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಹೊಳೆಬದಿಯ ಮನೆಗಳಿಗೆ ಹೋಗಿ, ಒಪ್ಪಿದವರ ಪಹಣಿ, ರೇಷನ್ ಕಾರ್ಡು, ಮಕ್ಕಳ ಅಂಕಪಟ್ಟಿ, ಆಸ್ಪತ್ರೆಯ ಚೀಟಿ ಇವುಗಳ ಜೆರಾಕ್ಸ್ ಮಾಡಿಸಿ ನಮ್ಮ ದೇವಾಲಯದ ಬೀರುವಿನಲ್ಲಿ ಇಡಬೇಕು. ಯಾವ ಧರ್ಮ, ಯಾವ ಜಾತಿ ಎಂಬ ಕಲಂ ಅದರಲ್ಲಿ ಇಲ್ಲ. ಈ ಕೆಲಸಕ್ಕೆ ಪ್ರತಿ ಶನಿವಾರ ಇಬ್ಬರು ಬೇಕು. ಕಾಲೇಜಿನ ಮಕ್ಕಳು ಒಬ್ಬರು, ಅವರ ಜೊತೆ ಕಚೇರಿಯ ಭಾಷೆ ಗೊತ್ತಿರುವ ನಿವೃತ್ತರು ಒಬ್ಬರು ಇದ್ದರೆ ಒಳ್ಳೆಯದು. ಒಂದು ತಿಂಗಳಿಗೆ ಎಂದು ಹೆಸರು ಕೊಡಬೇಡಿ. ಮೂರು ತಿಂಗಳಿಗೆ ಕೊಡಿ. ಆಗುವುದಿಲ್ಲ ಎನ್ನುವವರು ಈಗಲೇ ಆಗುವುದಿಲ್ಲ ಎನ್ನಿ, ನನಗೆ ಬೇಸರವಿಲ್ಲ. ಬರುತ್ತೇನೆ ಎಂದು ಹೇಳಿ ಬಾರದಿರಬೇಡಿ.

ಇನ್ನೊಂದು. ನವೆಂಬರ್‌ನಲ್ಲಿ ಜಂಬೂರಿಗೆ ಒಂದು ವ್ಯಾನು ಹೊರಡುತ್ತದೆ. ನವೆಂಬರ್ ಯಾಕೆ ಎಂದು ಸಮಿತಿಯಲ್ಲಿ ಕೇಳಿದರು. ದಿನ ಗೊತ್ತು ಮಾಡಿದ್ದು ದೊಡ್ಡಮ್ಮ. ಅವರಿಗೆ ಕೊನೆಗೂ ಅಲ್ಲೊಂದು ಮನೆ ಸಿಕ್ಕಿದೆ. ಮಳೆಗಾಲದಲ್ಲಿ ಹೇಗಿದ್ದೀರಿ ಎಂದು ಕೇಳಲು ಜನ ಬರುತ್ತಾರಂತೆ, ನವೆಂಬರ್‌ನಲ್ಲಿ ಯಾರೂ ಬರುವುದಿಲ್ಲವಂತೆ. ಆಗ ಬಂದರೆ ಹೊಸ ಮನೆಯ ಹಿಂದೆ ಅವರು ನೆಟ್ಟಿರುವ ನಾಲ್ಕು ಕಾಫಿ ಗಿಡದಲ್ಲಿ ಹಣ್ಣು ನೋಡಬಹುದು ಎಂದಿದ್ದಾರೆ. ವ್ಯಾನಿನಲ್ಲಿ ಹನ್ನೆರಡು ಸೀಟಿದೆ. ಒಂದು ನನ್ನದು.

ಹೆಸರು ಬರೆಸುವವರು ಧ್ವಜಾರೋಹಣ ಮುಗಿದ ಮೇಲೆ ಸಿಹಿ ತಿಂದು ದೇವಾಲಯದ ಪಕ್ಕದ ಬಾಗಿಲ ಬಳಿ ಬನ್ನಿ. ನೋಟ್‌ಬುಕ್ಕೂ ಪೆನ್ನೂ ಅಲ್ಲಿರುತ್ತವೆ. ಈಗ ಎದ್ದು ನಿಂತು, ನಮ್ಮ ವಿಶ್ವಾಸವನ್ನು ಪ್ರಕಟಿಸೋಣ.